ಟ್ಯಾಂಕ್ ತರುವ ಮೊದಲು ಸನ್ನದು: ಕರ್ನಾಟಕದಲ್ಲಿ ಕ್ರಾಫ್ಟ್ ಬಿಯರ್, ವೈನ್ ಮಾಡಲು ಹೊರಟವರಿಗೆ

ಸ್ವಂತ ಬಿಯರ್ ಮಾಡಬೇಕು ಎಂದು ಹೊರಟವರು ಮೊದಲು ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ: "ಒಳ್ಳೇ ಟ್ಯಾಂಕ್ ಎಲ್ಲಿ ಸಿಗುತ್ತೆ?" ಎರಡನೆಯದು ಮಾಲ್ಟ್ ಬಗ್ಗೆ, ಅಂದರೆ ಬಿಯರಿಗೆ ಹಾಕುವ, ಮೊಳಕೆ ಬರಿಸಿ ಒಣಗಿಸಿದ ಧಾನ್ಯದ ಬಗ್ಗೆ. ಸನ್ನದಿನ ಬಗ್ಗೆ ಕೇಳುವಷ್ಟು ಹೊತ್ತಿಗೆ ಅಡ್ವಾನ್ಸ್ ಕೊಟ್ಟಾಗಿರುತ್ತೆ, ಬಾಡಿಗೆ ಓಡುತ್ತಿರುತ್ತೆ.

ನನ್ನ ಪರಿಚಯದ ಇಬ್ಬರು ಹುಡುಗರು ಹೀಗೇ ಮಾಡಿದರು. ಬೆಂಗಳೂರಿನಲ್ಲಿ ಚೆಂದದ ಒಂದು ಕಟ್ಟಡ ಹಿಡಿದರು. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೊಟ್ಟರು. ಟ್ಯಾಂಕ್‌ಗಳಿಗೆ ಆರ್ಡರ್ ಕೂಡ ಹೋಯಿತು. ಹಿಂದಿನ ಬೀದಿಯಲ್ಲಿ ಒಂದು ಶಾಲೆ ಇತ್ತು. ಅದರ ಗೇಟು ಎಷ್ಟು ದೂರ ಎಂದು ಯಾರೂ ಅಳೆದಿರಲಿಲ್ಲ. ಅಳೆದ ದಿನ ಕೆಲಸ ನಿಂತಿತು. ಇಬ್ಬರೂ ಒಳ್ಳೇ ಬ್ರೂವರ್‌ಗಳು. ಅವರ ರಾಗಿ ಬಿಯರ್ ಇನ್ನೂ ನನ್ನ ನಾಲಿಗೆಯ ಮೇಲಿದೆ. ಆದರೆ ಆ ಜಾಗದಲ್ಲಿ ಅದು ಮಾರಾಟಕ್ಕೆ ಬರಲೇ ಇಲ್ಲ.

ಅದಕ್ಕೇ ಈ ಲೇಖನವನ್ನು ಕೆಲಸ ನಡೆಯಬೇಕಾದ ಕ್ರಮದಲ್ಲೇ ಬರೆದಿದ್ದೇನೆ. ಈ ವ್ಯವಹಾರದಲ್ಲಿ ಕ್ರಮ ತಪ್ಪಿದರೆ ದುಡ್ಡು ಹೋಗುತ್ತೆ.

ಶುರು ಮಾಡುವ ಮೊದಲು ತಿಳಿದಿರಬೇಕಾದ್ದು

ಮದ್ಯ ರಾಜ್ಯಗಳ ವಿಷಯ. ಸಂವಿಧಾನದ ಏಳನೇ ಅನುಸೂಚಿಯಲ್ಲಿ, ರಾಜ್ಯ ಪಟ್ಟಿಯ 8ನೇ ನಮೂದಿನಲ್ಲಿ ಇದೆ. ಹಾಗಾಗಿ ಗೋವಾದಲ್ಲಿ ಗೆಳೆಯ ಮಾಡಿದ ಹಾಗೆ ಇಲ್ಲಿ ಮಾಡಲು ಬರುವುದಿಲ್ಲ. ಪುಣೆಯ ನಿಯಮ ಪುಣೆಗೆ, ನಮ್ಮದು ನಮಗೆ. ನಮಗೆ ಮೂಲ ಕಾನೂನು 1965ರ ಕರ್ನಾಟಕ ಅಬಕಾರಿ ಕಾಯ್ದೆ. ಅದರ ಕೆಳಗೆ ಬ್ರೂವರಿ, ವೈನ್, ಡಿಸ್ಟಿಲರಿ, ಮಾರಾಟ ಎಲ್ಲಕ್ಕೂ ಬೇರೆ ಬೇರೆ ನಿಯಮಗಳಿವೆ. ಹೆಚ್ಚಿನವು 1967 ಮತ್ತು 1968ರವು. ಆಮೇಲೆ ಎಷ್ಟೋ ಸಲ ತಿದ್ದುಪಡಿ ಆಗಿವೆ. ಆದ್ದರಿಂದ ಯಾವ ನಿಯಮವನ್ನೇ ಓದಿ, ಇವತ್ತಿನವರೆಗಿನ ತಿದ್ದುಪಡಿ ಸೇರಿದೆಯಾ ಎಂದು ನೋಡಿಕೊಳ್ಳಿ.

ಇನ್ನೊಂದು ಮಾತು ಹೊಸಬರಿಗೆ ಕಹಿ ಎನಿಸಬಹುದು. ಮದ್ಯದ ವ್ಯಾಪಾರ ಮಾಡುವುದು ಯಾರ ಮೂಲಭೂತ ಹಕ್ಕೂ ಅಲ್ಲ. 1994ರಲ್ಲಿ ನಮ್ಮ ಬೆಂಗಳೂರಿನದೇ ಆದ ಖೋಡೇಸ್ ಡಿಸ್ಟಿಲರಿ ಮತ್ತು ಕರ್ನಾಟಕ ಸರ್ಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹಾಗೆ ಹೇಳಿತು. ಬೇಕರಿ ಇಡಲು ಹೊರಟವನು "ನನಗೆ ಯಾಕೆ ಕೊಡಲ್ಲ?" ಎಂದು ಗಟ್ಟಿಯಾಗಿ ಕೇಳಬಹುದು. ಬ್ರೂವರಿಗೆ ಹೊರಟವನ ಕೈಯಲ್ಲಿ ಅಷ್ಟು ಬಲ ಇಲ್ಲ. ಸರ್ಕಾರ ತನ್ನ ಅಧಿಕಾರವನ್ನು ಷರತ್ತಿನ ಮೇಲೆ ಸ್ವಲ್ಪ ಹಂಚಿಕೊಡುತ್ತದೆ, ಅಷ್ಟೇ. ಸನ್ನದಿನ ಷರತ್ತುಗಳನ್ನು ಓದುವಾಗ ಇದು ತಲೆಯಲ್ಲಿರಲಿ.

ಮೊದಲ ಹೆಜ್ಜೆ: ಮನೆಯ ಪ್ರಯೋಗವನ್ನು ಎಲ್ಲಿ ನಿಲ್ಲಿಸಬೇಕು

ಮಡಿಕೇರಿಗೆ ಹೋದವರೆಲ್ಲ ನೋಡಿರುತ್ತೀರಿ. ಜೇನು, ಕಾಫಿಪುಡಿ, ಮಸಾಲೆಗಳ ಪಕ್ಕದಲ್ಲೇ "ಹೋಮ್ ಮೇಡ್ ವೈನ್" ಬಾಟಲಿಗಳು. ದ್ರಾಕ್ಷಿ, ಶುಂಠಿ, ವೀಳ್ಯದೆಲೆ, ಏನೇನೋ. ಕೊಡಗಿನ ಮನೆಗಳಲ್ಲಿ ಹಣ್ಣಿನ ವೈನ್ ಮಾಡುವ ರೂಢಿ ಹಳೆಯದು, ಅದರಲ್ಲಿ ಕೈಪಳಗಿದವರು ತುಂಬಾ ಜನ. ಅದನ್ನು ನೋಡಿ ಹಲವರು, ಮನೆಯಲ್ಲಿ ಮಾಡಿ ಮಾರಿದರೆ ತಪ್ಪಿಲ್ಲ ಅಂದುಕೊಳ್ಳುತ್ತಾರೆ.

ಕಾನೂನು ಹಾಗೆ ಹೇಳುವುದಿಲ್ಲ. ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಸನ್ನದು ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಮಾರಾಟಕ್ಕೆಂದು ಬಾಟಲಿಗೆ ತುಂಬುವಂತಿಲ್ಲ. ಬ್ರೂವರಿಯನ್ನು ಕಟ್ಟುವುದಕ್ಕೂ ಸನ್ನದು ಬೇಕು. ತಯಾರಿಕೆಗೆಂದು ಪಾತ್ರೆ, ಉಪಕರಣ ಇಟ್ಟುಕೊಳ್ಳುವುದೂ ಇದೇ ಸೆಕ್ಷನ್‌ನ ವ್ಯಾಪ್ತಿಗೆ ಬರುತ್ತದೆ. ಮಾರಾಟಕ್ಕೆ 15ನೇ ಸೆಕ್ಷನ್ ಬೇರೆ ಇದೆ. ಟ್ಯಾಂಕ್ ಆಮೇಲೆ ತನ್ನಿ ಎಂದು ನಾನು ಪದೇಪದೇ ಹೇಳುವುದು ದುಡ್ಡಿನ ಕಾರಣಕ್ಕೆ ಮಾತ್ರ ಅಲ್ಲ.

ಹಾಗಾದರೆ ಕಲಿಯುವುದು ಎಲ್ಲಿ? ಸನ್ನದು ಇರುವ ಬ್ರೂವರಿಯಲ್ಲಿ ಸಹಾಯಕರಾಗಿ ಸೇರಿ. ಆರು ತಿಂಗಳು ಮ್ಯಾಶ್ (ಬಿಸಿನೀರಿನಲ್ಲಿ ನೆನೆದ ಮಾಲ್ಟ್) ಕದಡಿ, ಕೆಗ್ (ಬಿಯರ್ ತುಂಬುವ ಪೀಪಾಯಿ) ತೊಳೆಯಿರಿ. ಅಲ್ಲಿ ಬಿಯರ್ ಮಾಡುವುದರ ಜೊತೆಗೆ ರಿಜಿಸ್ಟರ್ ಬರೆಯುವುದನ್ನೂ ಕಲಿಯುತ್ತೀರಿ. ಎರಡನೆಯದೇ ಮುಂದೆ ಜಾಸ್ತಿ ಉಪಯೋಗಕ್ಕೆ ಬರುತ್ತೆ.

ಎರಡನೇ ಹೆಜ್ಜೆ: ನಿಮ್ಮ ದಾರಿ ಯಾವುದು

"ಕ್ರಾಫ್ಟ್" ಎಂಬ ಮಾತು ಜನರ ಬಾಯಲ್ಲಿದೆ. ಸನ್ನದು ಸಿಗುವುದು ನೀವು ಏನು ಮಾಡುತ್ತೀರಿ, ಎಲ್ಲಿ ಮಾರುತ್ತೀರಿ ಎಂಬುದರ ಮೇಲೆ.

ಅಲ್ಲೇ ಕುದಿಸಿ, ಅಲ್ಲೇ ಬಡಿಸುವ ಬಿಯರ್ ಆದರೆ ಅದು ಮೈಕ್ರೋಬ್ರೂವರಿ. ಪುಣೆಯಲ್ಲಿ ಡೂಲಾಲಿ ಎಂಬ ಮೈಕ್ರೋಬ್ರೂವರಿ 2009ರಲ್ಲಿ ಶುರುವಾಯಿತು. ಮರುವರ್ಷದಿಂದ ಬೆಂಗಳೂರಿನ ಸರದಿ. ಇಂದಿರಾನಗರದ ಟಾಯ್ಟ್, ಲ್ಯಾವೆಲ್ ರಸ್ತೆಯ ಬಿಯರ್ ಕ್ಲಬ್, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಒಂದರ ಹಿಂದೆ ಒಂದು ಬಂದವು. ಇವತ್ತು ಚಿಕ್ಕಮಗಳೂರು ಕಾಫಿ ಹಾಕಿದ ಸ್ಟೌಟ್ ಎಂಬ ಕಪ್ಪು ಬಿಯರ್, ರಾಗಿ ಬಿಯರ್, ಮಾವಿನ ಸೀಸನ್ನಿನಲ್ಲಿ ಮಾವಿನ ಬಿಯರ್ ನಮಗೆ ಹೊಸದಲ್ಲ. ಇದೆಲ್ಲ ಸಾಧ್ಯವಾಗಿದ್ದು ರಾಜ್ಯ ಮೈಕ್ರೋಬ್ರೂವರಿಗೆ ಬೇರೆಯೇ ಅವಕಾಶ ಕೊಟ್ಟ ಮೇಲೆ. ಕ್ರಾಫ್ಟ್ ಮಾಡಬೇಕೆನ್ನುವ ಹೆಚ್ಚಿನವರಿಗೆ ಇದೇ ದಾರಿ. ಅದಕ್ಕೇ ಮುಂದಿನ ಹೆಜ್ಜೆಗಳಲ್ಲಿ ಇದನ್ನೇ ಮುಖ್ಯವಾಗಿ ಇಟ್ಟುಕೊಂಡಿದ್ದೇನೆ.

ಬಾಟಲಿ ಅಥವಾ ಕ್ಯಾನ್‌ಗೆ ತುಂಬಿ ಅಂಗಡಿಗಳಿಗೆ ಕಳಿಸುವ ಆಸೆ ಇದ್ದರೆ ಲೆಕ್ಕವೇ ಬೇರೆ. ಪೂರ್ಣ ಬ್ರೂವರಿ ಸನ್ನದು ಬೇಕು. 2003ರ ಜುಲೈ 1ರಿಂದ ರಾಜ್ಯದಲ್ಲಿ ಮದ್ಯದ ಸಗಟು ವ್ಯಾಪಾರ ಸರ್ಕಾರದ ಕರ್ನಾಟಕ ರಾಜ್ಯ ಪಾನೀಯ ನಿಗಮದ ಕೈಯಲ್ಲಿದೆ. ನಿಮ್ಮ ಬಾಟಲಿ ನೇರವಾಗಿ ಅಂಗಡಿಗೆ ಹೋಗುವುದಿಲ್ಲ. ನಿಗಮದ ಡಿಪೋಗೆ ಹೋಗಿ, ಅಲ್ಲಿಂದ ಅಂಗಡಿಗೆ ಹೋಗುತ್ತದೆ. ಪ್ರತಿ ಲೇಬಲ್ಲಿಗೂ ಅಬಕಾರಿ ಇಲಾಖೆಯ ಒಪ್ಪಿಗೆ ಬೇಕು. ಇಷ್ಟು ಬಂಡವಾಳ ಇಲ್ಲದವರು ಈಗಾಗಲೇ ಸನ್ನದು ಇರುವ ಬ್ರೂವರಿಯ ಜೊತೆ ಒಪ್ಪಂದ ಮಾಡಿಕೊಂಡು ತಮ್ಮ ಬ್ರ್ಯಾಂಡ್ ತಯಾರಿಸುತ್ತಾರೆ. ಹೊಸ ಬ್ರ್ಯಾಂಡ್‌ಗಳಿಗೆ ಇದು ಕೆಟ್ಟ ಆಯ್ಕೆ ಅಲ್ಲ. ಜಿನ್, ರಮ್ ತರಹದ ಭಟ್ಟಿ ಇಳಿಸಿದ ಮದ್ಯ ಮಾಡುವ ಸಣ್ಣವರಿಗಂತೂ ಈ ಒಪ್ಪಂದದ ದಾರಿಯನ್ನೇ ನಾನು ಹೇಳುವುದು.

ಮೂರನೆಯದು ವೈನ್. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ತೋಟ ಇದ್ದವರು ದಯವಿಟ್ಟು ಅಲ್ಲಿಯವರೆಗೂ ಓದಿ.

ಇನ್ನು ಶೇಂದಿ. ಅದನ್ನೇ ನಮ್ಮ ಕ್ರಾಫ್ಟ್ ಪಾನೀಯ ಮಾಡೋಣ ಎನ್ನುವ ಯೋಚನೆ ಹಲವರಿಗೆ ಬರುತ್ತೆ. ರಾಜ್ಯದಲ್ಲಿ ಅದಕ್ಕೆ ಅವಕಾಶ ಇರುವುದು ಕರಾವಳಿಯ ದಕ್ಷಿಣ ಕನ್ನಡ, ಉಡುಪಿ ಕಡೆಗೆ ಮಾತ್ರ. ಸಾರಾಯಿ 2007ರ ಜುಲೈಯಿಂದಲೇ ನಿಷೇಧ.

ಮೂರನೇ ಹೆಜ್ಜೆ: ಮೂಲ ಸನ್ನದು

ಎಲ್ಲರೂ ಎಡವುವುದು ಇಲ್ಲೇ. ಮೈಕ್ರೋಬ್ರೂವರಿ ಸನ್ನದು ಒಂಟಿಯಾಗಿ ನಿಲ್ಲುವುದಿಲ್ಲ. ಅದು ಇನ್ನೊಂದು ಸನ್ನದಿನ ಹೆಗಲ ಮೇಲೆ ಕೂರುತ್ತದೆ. ಅಂದರೆ ಮದ್ಯ ಬಡಿಸುವ ಸನ್ನದು ನಿಮ್ಮ ಬಳಿ ಮೊದಲೇ ಇರಬೇಕು. ಬಾರ್ ಮತ್ತು ರೆಸ್ಟೋರೆಂಟಿನ ಸಿಎಲ್-9, ವಸತಿ ಇರುವ ಹೋಟೆಲಿನ ಸಿಎಲ್-7, ಸ್ಟಾರ್ ಹೋಟೆಲಿನ ಸಿಎಲ್-6ಎ, ಇಂಥವು. ಬೀದಿಬದಿಯ ವೈನ್ ಶಾಪಿನ ಸಿಎಲ್-2 ಇದಕ್ಕೆ ಆಗುವುದಿಲ್ಲ, ಅದು ಬಾಟಲಿ ಮಾರುವುದಕ್ಕೆ ಮಾತ್ರ.

ತೊಡಕು ಇರುವುದು ಸಿಎಲ್-9ರಲ್ಲಿ. 1990ರ ದಶಕದ ಆರಂಭದಿಂದ ಹೊಸ ಸಿಎಲ್-2, ಸಿಎಲ್-9 ಸನ್ನದುಗಳನ್ನು ಕೊಡುವುದು ನಿಂತುಹೋಗಿತ್ತು. ಹಾಗಾಗಿ ಹಳೆಯ ಸನ್ನದುಗಳೇ ಕೈಯಿಂದ ಕೈಗೆ ಹೋಗುತ್ತಾ ಬೆಲೆ ಕೋಟಿ ಮುಟ್ಟಿತು. 2025-26ರ ರಾಜ್ಯ ಬಜೆಟ್ಟಿನಲ್ಲಿ ಸನ್ನದುಗಳನ್ನು ಪಾರದರ್ಶಕ ಇ-ಹರಾಜಿನಲ್ಲಿ ಹಂಚುವ ಮಾತು ಬಂತು. ನೀವು ಅರ್ಜಿ ಹಾಕುವ ಹೊತ್ತಿಗೆ ಹರಾಜು ಎಲ್ಲಿಗೆ ಬಂದಿದೆ ಎಂದು ಇಲಾಖೆಯಲ್ಲೇ ವಿಚಾರಿಸಿ, ದಲ್ಲಾಳಿಗಳನ್ನು ಕೇಳಬೇಡಿ.

ಬೇರೆಯವರ ಸನ್ನದು ತಗೊಳ್ಳುವುದಾದರೆ ಇಲಾಖೆಯ ಅನುಮತಿಯೊಂದಿಗೆ, ಶುಲ್ಕ ಕಟ್ಟಿ, ನಿಮ್ಮ ಹೆಸರಿಗೆ ವರ್ಗಾವಣೆ ಮಾಡಿಸಿಕೊಳ್ಳಿ. "ಸನ್ನದು ನನ್ನ ಹೆಸರಲ್ಲೇ ಇರಲಿ, ನೀವು ಲೀಸಿಗೆ ನಡೆಸಿ" ಎಂಬ ಮಾತು ಈ ಪೇಟೆಯಲ್ಲಿ ತುಂಬಾ ಕೇಳಿಬರುತ್ತೆ. ಕೈ ಮುಗಿದು ಕೇಳ್ತೀನಿ, ಅದಕ್ಕೆ ಒಪ್ಪಬೇಡಿ. ಅನುಮತಿ ಇಲ್ಲದೆ ಸನ್ನದನ್ನು ಬೇರೆಯವರಿಗೆ ಕೊಟ್ಟರೆ 29ನೇ ಸೆಕ್ಷನ್ ಪ್ರಕಾರ ಅದನ್ನೇ ರದ್ದು ಮಾಡಬಹುದು. ಟ್ಯಾಂಕ್ ನಿಮ್ಮದು, ಸಾಲ ನಿಮ್ಮದು, ಸನ್ನದು ಮಾತ್ರ ಇನ್ನೊಬ್ಬರದು. ಜಗಳ ಬಂದ ದಿನ ನಿಮಗೆ ನಿಲ್ಲಲು ನೆಲ ಇರುವುದಿಲ್ಲ.

ಹಳೆ ಸನ್ನದು ಕೊಳ್ಳುವ ಮುಂಚೆ ಬಾಕಿ ಸುಂಕ, ಹಳೆ ಕೇಸುಗಳು, ಪಾಲುದಾರರ ತಕರಾರು, ವಾರಸುದಾರರ ಸಹಿ ಎಲ್ಲ ನೋಡಿ. ಮೂವತ್ತು ವರ್ಷದ ಹಿಂದೆ ಅಪ್ಪನ ಹೆಸರಲ್ಲಿ ಇದ್ದ ಸನ್ನದಿಗೆ ಈಗ ನಾಲ್ವರು ಮಕ್ಕಳು ಇರಬಹುದು ಅಲ್ವಾ?

ನಾಲ್ಕನೇ ಹೆಜ್ಜೆ: ಜಾಗ ಅಳೆಯುವುದು

1967ರ ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮದಲ್ಲಿ ದೂರದ ಲೆಕ್ಕ ಇದೆ. ಶಾಲೆ, ದೇವಸ್ಥಾನ, ಮಸೀದಿ, ಚರ್ಚು, ಆಸ್ಪತ್ರೆಯಂಥವುಗಳಿಂದ 100 ಮೀಟರ್ ದೂರ ಇರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು ಹೆಚ್ಚಾಗಿ ವಾಸಿಸುವ ಬಡಾವಣೆಗೂ ರಕ್ಷಣೆ ಇದೆ. ಅಳತೆ ಎಲ್ಲಿಂದ ಎಲ್ಲಿಗೆ ಹಿಡಿಯಬೇಕು ಎಂಬುದನ್ನು ನಿಯಮದ ಪಠ್ಯದಲ್ಲೇ ಓದಿ. ಮೊಬೈಲ್ ಮ್ಯಾಪಿನಲ್ಲಿ ಗೆರೆ ಎಳೆದರೆ ಸಾಲದು. ಪರವಾನಗಿ ಇರುವ ಸರ್ವೇಯರ್ ಕೈಲಿ ಅಳತೆ ಮಾಡಿಸಿ ನಕ್ಷೆ ಬರೆಸಿ. ಮೂಲೆಯ ಸಣ್ಣ ಗುಡಿ, ಮೊದಲನೇ ಮಹಡಿಯ ನರ್ಸರಿ ಶಾಲೆ, ಇಂಥವು ಮ್ಯಾಪಿನಲ್ಲಿ ಕಾಣುವುದಿಲ್ಲ. ಕಾಲ್ನಡಿಗೆಯಲ್ಲಿ ಸುತ್ತಿ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಅಕ್ಕಪಕ್ಕದವರ ಜೊತೆ ಮಾತಾಡಿ. ತಕರಾರು ಬರುವುದು ಅವರಿಂದಲೇ. ಅವರ ಆತಂಕವೂ ನಿಜವಾದದ್ದು. ಪಾರ್ಕಿಂಗ್, ಸದ್ದು, ರಾತ್ರಿಯ ಗಲಾಟೆ ಯಾರಿಗೆ ಬೇಕು?

ಹೆದ್ದಾರಿ ಹತ್ತಿರ ಇದ್ದರೆ ಇನ್ನೊಂದು ಅಧ್ಯಾಯ. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ರಾಷ್ಟ್ರೀಯ, ರಾಜ್ಯ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಎಂದಿತು. 20,000 ಅಥವಾ ಕಡಿಮೆ ಜನಸಂಖ್ಯೆಯ ಊರುಗಳಿಗೆ ಅದನ್ನು 220 ಮೀಟರಿಗೆ ಇಳಿಸಿತು. 2017ರ ಜುಲೈ ಹೊತ್ತಿಗೆ ಬೆಂಗಳೂರಿನ ಎಂ.ಜಿ. ರಸ್ತೆ ಸುತ್ತಲಿನ ಎಷ್ಟೋ ಬಾರ್‌ಗಳು ಬಾಗಿಲು ಹಾಕಿದ್ದು ನೆನಪಿರಬಹುದು. ಅದೇ ತಿಂಗಳು ನಗರ ಮಿತಿಯೊಳಗಿನ ಮಾರಾಟಕ್ಕೆ ಈ ನಿಷೇಧ ಅಡ್ಡಿಯಲ್ಲ ಎಂದು ಕೋರ್ಟು ಸ್ಪಷ್ಟಪಡಿಸಿತು. ಊರಾಚೆ, ಮೈಸೂರು ರಸ್ತೆಯೋ ನೆಲಮಂಗಲದ ಕಡೆಯೋ ದೊಡ್ಡ ಜಾಗ ನೋಡುತ್ತಿರುವವರು ಇದನ್ನು ಮರೆಯಬೇಡಿ.

ಕಟ್ಟಡಕ್ಕೆ ವಾಣಿಜ್ಯ ಬಳಕೆಯ ಅನುಮತಿ, ಮಂಜೂರಾದ ನಕ್ಷೆ, ಒಸಿ (ಸ್ವಾಧೀನಾನುಭವ ಪತ್ರ) ಇದೆಯಾ ನೋಡಿ. ಮಹಡಿಯ ಮೇಲೆ ಟ್ಯಾಂಕ್ ಇಡುವುದಾದರೆ ಸ್ಟ್ರಕ್ಚರಲ್ ಎಂಜಿನಿಯರ್ ಮಾತು ಕೇಳಲೇಬೇಕು. 1,000 ಲೀಟರ್ ಬಿಯರ್ ತುಂಬಿದ ಟ್ಯಾಂಕ್ ಅಂದರೆ ಒಂದು ಟನ್ನಿಗೂ ಜಾಸ್ತಿ ತೂಕ, ಒಂದೇ ಜಾಗದಲ್ಲಿ.

ಬಾಡಿಗೆ ಕರಾರಿನಲ್ಲಿ ಒಂದು ಸಾಲು ಸೇರಿಸಿ: ಸನ್ನದು ಸಿಗದಿದ್ದರೆ ಮುಂಗಡ ವಾಪಸ್, ಸನ್ನದು ಬರುವವರೆಗೆ ಬಾಡಿಗೆ ಇಲ್ಲ ಅಥವಾ ಅರ್ಧ. ಮಾಲೀಕರು ಒಪ್ಪದಿದ್ದರೆ ಬೇರೆ ಜಾಗ ನೋಡಿ. ಆ ಹುಡುಗರ ಕರಾರಿನಲ್ಲಿ ಈ ಒಂದು ಸಾಲು ಇರಲಿಲ್ಲ.

ಐದನೇ ಹೆಜ್ಜೆ: ಅಬಕಾರಿ ಅರ್ಜಿ

ಅರ್ಜಿ ಜಿಲ್ಲೆಯ ಅಬಕಾರಿ ಉಪ ಆಯುಕ್ತರ ಕಚೇರಿಯ ಮೂಲಕ ಸಾಗಿ, ಮೇಲೆ ಅಬಕಾರಿ ಆಯುಕ್ತರವರೆಗೆ ಹೋಗುತ್ತದೆ. ನಡುವೆ ನಿರೀಕ್ಷಕರು ಸ್ಥಳಕ್ಕೆ ಬರುತ್ತಾರೆ, ಮಹಜರು ಆಗುತ್ತದೆ.

ಇಲ್ಲಿ ನಿಮ್ಮ ನಕ್ಷೆಯೇ ಮುಖ್ಯ. ಮಾಲ್ಟ್ ನೆನೆಸುವ ಮ್ಯಾಶ್ ಟನ್ ಎಲ್ಲಿ, ಕುದಿಸುವ ಕೆಟಲ್ ಎಲ್ಲಿ, ಹುಳಿ ಬರಿಸುವ ಫರ್ಮೆಂಟರ್ ಎಷ್ಟು, ತಯಾರಾದ ಬಿಯರ್ ಇಡುವ ಬ್ರೈಟ್ ಟ್ಯಾಂಕ್ ಎಷ್ಟು, ಪ್ರತಿಯೊಂದರ ಸಾಮರ್ಥ್ಯ ಎಷ್ಟು, ಪೈಪು ಯಾವುದರಿಂದ ಯಾವುದಕ್ಕೆ, ಬಡಿಸುವ ಕೌಂಟರು ಎಲ್ಲಿ. ಬ್ರೂವರಿ ಭಾಗ ಮತ್ತು ಗಿರಾಕಿಗಳ ಭಾಗ ಬೇರೆ ಬೇರೆ ಎಂದು ಕಣ್ಣಿಗೆ ಕಾಣಬೇಕು. ಒಪ್ಪಿಗೆಯಾದ ನಕ್ಷೆಗೆ ಆಮೇಲೆ ಒಂದು ಟ್ಯಾಂಕ್ ಸೇರಿಸಬೇಕೆಂದರೂ ಮತ್ತೆ ಅನುಮತಿ ಬೇಕು. ಹಾಗಾಗಿ ಮೊದಲೇ ಯೋಚಿಸಿ. ಏಲ್ ಬಗೆಯ ಬಿಯರ್ ಎರಡು ಮೂರು ವಾರದಲ್ಲಿ ತಯಾರು. ಲಾಗರ್ ಬಗೆಯದು ತಿಂಗಳಿಗೂ ಜಾಸ್ತಿ ಟ್ಯಾಂಕ್ ಹಿಡಿದು ಕೂರುತ್ತದೆ. ಲಾಗರ್ ಮಾಡುವ ಮನಸ್ಸಿದ್ದರೆ ಫರ್ಮೆಂಟರ್ ಸಂಖ್ಯೆಯನ್ನು ಈಗಲೇ ಜಾಸ್ತಿ ತೋರಿಸಿ.

ಶುಲ್ಕ ಮತ್ತು ಸುಂಕ ಬಜೆಟ್ ಬಂದಾಗಲೆಲ್ಲ ಬದಲಾಗಬಹುದು. ಹೋದ ವರ್ಷ ಯಾರೋ ಕಟ್ಟಿದ ಅಂಕಿ ಹಿಡಿದು ಬ್ಯಾಂಕಿಗೆ ಹೋಗಬೇಡಿ. ಆ ವರ್ಷದ ಅಧಿಸೂಚನೆಯ ಪ್ರತಿ ತಗೊಂಡು ಲೆಕ್ಕ ಹಾಕಿ.

ತೆರಿಗೆಯಲ್ಲಿ ಒಂದು ಗುಟ್ಟಾದ ಖರ್ಚಿದೆ. ಕುಡಿಯುವ ಮದ್ಯ ಜಿಎಸ್‌ಟಿಯ ಹೊರಗಿದೆ. ಆದರೆ ನೀವು ಕೊಳ್ಳುವ ಟ್ಯಾಂಕ್, ಮಾಲ್ಟ್, ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂ) ಮೇಲೆ ಜಿಎಸ್‌ಟಿ ಇದೆ. ಬಿಯರ್ ಮಾರಾಟದ ಎದುರಿಗೆ ಆ ತೆರಿಗೆಯನ್ನು ಹೊಂದಿಸಿಕೊಳ್ಳಲು ಆಗುವುದಿಲ್ಲ. ಅದು ಸೀದಾ ನಿಮ್ಮ ಖರ್ಚು. ಯೋಜನೆಯ ವರದಿಯಲ್ಲಿ ಇದನ್ನು ಬಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ.

ಆರನೇ ಹೆಜ್ಜೆ: ಉಳಿದ ಇಲಾಖೆಗಳು

ಅಬಕಾರಿ ಸನ್ನದು ಬಂದರೆ ಎಲ್ಲ ಮುಗಿಯಿತು ಎಂದಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ ಅನುಮತಿ ತಯಾರಿಕೆಗೂ ಬೇಕು, ಅಡುಗೆಮನೆಗೂ ಬೇಕು. ಮದ್ಯ ಪಾನೀಯಗಳಿಗೆ ಪ್ರಾಧಿಕಾರ 2018ರಲ್ಲಿ ಬೇರೆ ಮಾನದಂಡ ತಂದಿತು, 2019ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರ ಪ್ರಕಾರ ಬಿಯರಿನಲ್ಲಿ ಆಲ್ಕೋಹಾಲ್ ಶೇ 8 ಮೀರುವಂತಿಲ್ಲ. ಶೇ 5ರವರೆಗೆ ಸಾಧಾರಣ, ಅದರ ಮೇಲೆ ಸ್ಟ್ರಾಂಗ್. ಬೆಲ್ಜಿಯಂನ ಶೇ 10ರ ಬಿಯರ್ ಇಲ್ಲಿ ಮಾಡುವ ಕನಸಿದ್ದರೆ ರೆಸಿಪಿಯನ್ನು ಬದಲಾಯಿಸಿಕೊಳ್ಳಿ.

ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಎರಡು ಒಪ್ಪಿಗೆ: ಕಟ್ಟುವ ಮೊದಲು ಒಂದು, ನಡೆಸುವ ಮೊದಲು ಒಂದು. ಅವರು ಮುಖ್ಯವಾಗಿ ಕೇಳುವುದು ನೀರಿನ ಬಗ್ಗೆ. ಸಣ್ಣ ಬ್ರೂವರಿಯಲ್ಲಿ ಒಂದು ಲೀಟರ್ ಬಿಯರಿಗೆ ತೊಳೆಯುವುದೂ ಸೇರಿ ಐದಾರು ಲೀಟರ್ ನೀರು ಸುಲಭವಾಗಿ ಹೋಗುತ್ತದೆ. ಹೊರಗೆ ಬರುವ ನೀರಿನಲ್ಲಿ ಯೀಸ್ಟ್, ಸಕ್ಕರೆ ಇರುವುದರಿಂದ ಹಾಗೇ ಚರಂಡಿಗೆ ಬಿಡುವಂತಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರು ನೀರಿಗೆ ಪಟ್ಟ ಪಾಡು ನೋಡಿದವರಿಗೆ ಇದು ಬರೀ ಕಾಗದದ ಷರತ್ತು ಎನಿಸುವುದಿಲ್ಲ. ನೀರು ಎಲ್ಲಿಂದ, ಕೊಳವೆಬಾವಿಗೆ ಅನುಮತಿ ಇದೆಯಾ, ಮತ್ತೆ ಬಳಸುವುದು ಹೇಗೆ, ಎಲ್ಲವನ್ನೂ ಅರ್ಜಿಯಲ್ಲೇ ಬರೆಯಿರಿ. ಹಿಂಡಿದ ಮಾಲ್ಟ್ ಹಸುಗಳಿಗೆ ಒಳ್ಳೇ ಮೇವು. ಹತ್ತಿರದ ಹೈನುಗಾರರೊಬ್ಬರ ಜೊತೆ ಮಾತಾಡಿಕೊಂಡರೆ ಇಬ್ಬರಿಗೂ ಲಾಭ.

ಅಗ್ನಿಶಾಮಕ ಇಲಾಖೆ, ಪಾಲಿಕೆಯ ವ್ಯಾಪಾರ ಪರವಾನಗಿ, ಅಳತೆ ಮತ್ತು ತೂಕ ಇಲಾಖೆ, ಇವೆಲ್ಲ ಇದ್ದದ್ದೇ. ಉಗಿ ಬಾಯ್ಲರ್ ಇಟ್ಟರೆ ಬಾಯ್ಲರ್ ಇಲಾಖೆಯ ನೋಂದಣಿಯೂ ಬೇಕಾಗಬಹುದು.

ಏಳನೇ ಹೆಜ್ಜೆ: ಬಾಗಿಲು ತೆರೆದ ಮೇಲೆ

ರಿಜಿಸ್ಟರ್ ದಿನವೂ ಬರೆಯಿರಿ. ಎಷ್ಟು ಮಾಲ್ಟ್ ಬಂತು, ಎಷ್ಟು ಕುದಿಸಿದಿರಿ, ಯಾವ ಟ್ಯಾಂಕಿಗೆ ಹೋಯಿತು, ಎಷ್ಟು ಬಡಿಸಿದಿರಿ, ಎಷ್ಟು ಹಾಳಾಯಿತು. ಕೆಟ್ಟುಹೋದ ಬ್ಯಾಚನ್ನು ಸುಮ್ನೆ ಚೆಲ್ಲಬೇಡಿ. ಮೊದಲು ನಿರೀಕ್ಷಕರಿಗೆ ತಿಳಿಸಿ, ಬರಹದಲ್ಲಿ ದಾಖಲಾಗಲಿ. ಸುಂಕ ಲೆಕ್ಕವಾಗುವುದು ಈ ಪುಸ್ತಕದ ಮೇಲೆ.

21 ವರ್ಷದ ಒಳಗಿನವರಿಗೆ ಕೊಡಬೇಡಿ. ಗುರುತಿನ ಚೀಟಿ ಕೇಳಲು ಸಿಬ್ಬಂದಿಗೆ ಸಂಕೋಚ ಇರಬಾರದು. ಗಾಂಧಿ ಜಯಂತಿಯಂಥ ದಿನ ಮಾರಾಟ ಇಲ್ಲ. ಚುನಾವಣೆ ಇದ್ದರೆ ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆ ಬಂದ್. ಟ್ಯಾಂಕಿನಲ್ಲಿರುವ ಬಿಯರ್ ಮಾತ್ರ ರಜೆ ನೋಡುವುದಿಲ್ಲ, ಬ್ರೂ ಮಾಡುವ ದಿನಗಳನ್ನು ಇದಕ್ಕೆ ಹೊಂದಿಸಿಕೊಳ್ಳಿ. ಗಿರಾಕಿಗಳು ಪಾರ್ಸೆಲ್ ಕೇಳುತ್ತಾರೆ. 2020ರ ಲಾಕ್‌ಡೌನ್ ಹೊತ್ತಲ್ಲಿ ತಾತ್ಕಾಲಿಕವಾಗಿ ಅವಕಾಶ ಕೊಟ್ಟಿದ್ದರು. ನಿಮ್ಮ ಸನ್ನದಿನ ಷರತ್ತಿನಲ್ಲಿ ಬರೆದಿಲ್ಲದಿದ್ದರೆ ಕೊಡಬೇಡಿ.

ಜಾಹೀರಾತಿನಲ್ಲೂ ಎಚ್ಚರ ಇರಲಿ. ಟಿವಿಯಲ್ಲಿ ಮದ್ಯದ ಜಾಹೀರಾತನ್ನು ನೇರವಾಗಿಯೂ, ಬಳಸುದಾರಿಯಿಂದಲೂ ಕೇಬಲ್ ಟಿವಿ ನಿಯಮಗಳು ತಡೆಯುತ್ತವೆ. ಊರಿನ ಬಿಯರ್ ಹಬ್ಬಕ್ಕೆ ಮಳಿಗೆ ಹಾಕುವುದಾದರೆ ಆ ದಿನಗಳಿಗೆ ಸಿಎಲ್-5 ಎಂಬ ಸಾಂದರ್ಭಿಕ ಸನ್ನದು ಇದೆಯಾ ಎಂದು ಆಯೋಜಕರನ್ನು ಮೊದಲೇ ಕೇಳಿ.

ತೋಟ ಇದ್ದವರಿಗೆ: ವೈನಿನ ದಾರಿ

ಸಣ್ಣವರಿಗೆ ನಮ್ಮ ರಾಜ್ಯದಲ್ಲಿ ನಿಜವಾಗಿ ಬಾಗಿಲು ತೆರೆದಿರುವುದು ಇಲ್ಲೇ ಎಂದು ನನಗೆ ಅನಿಸುತ್ತೆ. ದೊಡ್ಡಬಳ್ಳಾಪುರದ ಬಳಿ ಗ್ರೋವರ್ ವೈನ್ ಕಂಪನಿ 1988ರಲ್ಲಿ ಶುರು ಮಾಡಿದಾಗ ಬೆಂಗಳೂರಿನ ಸುತ್ತ ವೈನ್ ದ್ರಾಕ್ಷಿ ಬೆಳೆಯುತ್ತೆ ಎಂದು ನಂಬಿದವರು ಕಡಿಮೆ. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೇ ತಂದಿತು. ಆಮೇಲೆ ಅದಕ್ಕೆ ಒಂದು ಮಂಡಳಿಯೂ ಆಯಿತು. ನಂದಿ ಕಣಿವೆ ಎಂದು ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರವನ್ನೂ, ಕೃಷ್ಣಾ ಕಣಿವೆ ಎಂದು ವಿಜಯಪುರ, ಬಾಗಲಕೋಟೆ, ಬೆಳಗಾವಿಯನ್ನೂ ಗುರುತಿಸಲಾಯಿತು.

ಸನ್ನದು 1968ರ ದ್ರಾಕ್ಷಿ ವೈನ್ ತಯಾರಿಕೆ ನಿಯಮಗಳ ಅಡಿಯಲ್ಲಿ. ಇದಕ್ಕೆ ಬಾರ್ ಸನ್ನದಿನ ಹೆಗಲು ಬೇಕಿಲ್ಲ, ಕೋಟಿಯ ಸಿಎಲ್-9 ಬೇಕಿಲ್ಲ. ಅರ್ಜಿ ಹಾಕುವ ಮೊದಲು ವೈನ್ ಮಂಡಳಿಗೆ ಹೋಗಿ. ನಿಮ್ಮ ಕೈಯಲ್ಲಿರುವ ತಳಿ, ನಿಮ್ಮ ಜಮೀನಿನ ವಿಸ್ತೀರ್ಣ, ಸಹಾಯಧನ ಇದ್ದರೆ ಅದು, ಎಲ್ಲ ಅಲ್ಲೇ ಕೇಳಿ. ನಿಮ್ಮಲ್ಲಿರುವುದು ಬೆಂಗಳೂರು ಬ್ಲೂ ಆದರೆ ಅದರಿಂದ ಸಿಹಿ, ಪೋರ್ಟ್ ಬಗೆಯ ವೈನ್ ಚೆನ್ನಾಗಿ ಬರುತ್ತದೆ. ಸಿಹಿ ಇಲ್ಲದ ಡ್ರೈ ವೈನ್ ಮಾಡಬೇಕೆಂದರೆ ತಳಿ ಬದಲಿಸಿ ಮೂರು ವರ್ಷ ಕಾಯಬೇಕು. ಕೃಷಿ ಜಮೀನಿನಲ್ಲಿ ವೈನರಿ ಕಟ್ಟಡ ಎಬ್ಬಿಸುವ ಮುಂಚೆ ಭೂಪರಿವರ್ತನೆಯ ವಿಷಯವನ್ನು ತಹಶೀಲ್ದಾರರ ಕಚೇರಿಯಲ್ಲಿ ಬರಹದಲ್ಲಿ ಖಚಿತ ಮಾಡಿಕೊಳ್ಳಿ. ದ್ರಾಕ್ಷಿ ಬಿಟ್ಟು ಬೇರೆ ಹಣ್ಣು, ಜೇನು ಬಳಸುವವರು ಯಾವ ನಿಯಮದ ಅಡಿ ಸನ್ನದು ಸಿಗುತ್ತೆ ಎಂದು ಉಪ ಆಯುಕ್ತರಿಗೆ ಪತ್ರ ಬರೆದು ಉತ್ತರ ತಗೊಳ್ಳಿ. ಬಾಯಿಮಾತಿನ ಒಪ್ಪಿಗೆ ಮೇಲೆ ಹಣ್ಣು ಕೊಳ್ಳಬೇಡಿ.

ವೈನ್ ಇರಲಿ, ಬಿಯರ್ ಇರಲಿ, ನಮ್ಮ ಅಬಕಾರಿ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಅದೇ ದಿನ ಸನ್ನದೂ ಮುಗಿಯುತ್ತದೆ. ಮೇ ತಿಂಗಳಲ್ಲೇ ಅಗ್ನಿ, ಮಾಲಿನ್ಯ, ಆಹಾರ, ಪಾಲಿಕೆ ಈ ನಾಲ್ಕರ ಅವಧಿ ಪರೀಕ್ಷಿಸಿ, ಜೂನ್ ಮೊದಲ ವಾರ ನವೀಕರಣದ ಶುಲ್ಕ ಕಟ್ಟಿ, ರಸೀದಿಯ ಪ್ರತಿಯನ್ನು ಕೌಂಟರಿನ ಹಿಂದೆ ಸನ್ನದಿನ ಪಕ್ಕದಲ್ಲೇ ಇಡಿ.